ಡಬ್ಬದ ಸದ್ದು ನಿಂತ ವರ್ಷ

ಆ ವರ್ಷ ನಮ್ಮ ಮಡಕೆಗಳು ತಾವಾಗಿಯೇ ಒಡೆಯತೊಡಗಿದವು.

ಕುಂಬಾರರ ಮನೆಯಲ್ಲಿ ಮಡಕೆ ಒಡೆಯುವುದು ಹೊಸದಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಇವು ದೊಣ್ಣೆಯ ಪೆಟ್ಟಿಗೆ ಒಡೆದವಲ್ಲ. ಆವಿಗೆಯಲ್ಲಿ ಸುಟ್ಟು, ಆರಿಸಿ, ಹೊರಗೆ ಸಾಲಾಗಿ ಜೋಡಿಸಿಟ್ಟ ಮೇಲೆ, ಯಾರೂ ಮುಟ್ಟದೆ ಇದ್ದಾಗ, ಮಡಕೆಯ ಹೊಟ್ಟೆಯಿಂದ ಒಂದು ಚಕ್ಕೆ ಎದ್ದು ಉದುರುತ್ತಿತ್ತು. ಉದುರಿದ ಜಾಗವನ್ನು ನೋಡಿದರೆ ಅಲ್ಲಿ ಗಾಳಿಯ ತೇವ ಕುಡಿದು ಉಬ್ಬಿದ, ಸಾಸಿವೆ ಕಾಳಿನಷ್ಟು ಬಿಳಿಯ ಸುಣ್ಣಕಲ್ಲು.

ಗಿಡ ಬೆಳೆಸಿ ಮಾರುವ ತೋಟದವನು ನಮ್ಮಿಂದ ಹೂಕುಂಡ ಕೊಳ್ಳುತ್ತಿದ್ದ. ಅವನು ಒಂದು ಬೆಳಿಗ್ಗೆ ಕುಂಡಗಳನ್ನು ಗಾಡಿಯಲ್ಲಿ ವಾಪಸು ತಂದು ಅಂಗಳದಲ್ಲಿಟ್ಟ.

"ಏನಮ್ಮ, ಈ ಸಲ ನಿಮ್ಮ ಕುಂಡಕ್ಕೂ ಸಿಡುಬು ಬಂದಿದೆಯಲ್ಲ?"

ನನ್ನ ತಮ್ಮ ಮಣ್ಣಿನ ಕೋಣೆಯಿಂದಲೇ ಉತ್ತರ ಕೊಟ್ಟ. "ಗಿಡಕ್ಕೆ ಗಾಳಿ ಬೇಕಲ್ಲ ಸ್ವಾಮಿ. ಅದಕ್ಕೇ ಕಿಟಕಿ ಇಟ್ಟು ಕಳಿಸಿದೀವಿ."

ತೋಟದವನು ನಕ್ಕ, ತಮ್ಮನೂ ನಕ್ಕ, ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ನನಗೆ ದೇವರ ಮುಂದೆ ತಲೆಯೆತ್ತಲು ಆಗುವುದಿಲ್ಲ.

ನಮ್ಮ ಮನೆಯಲ್ಲಿ ಆಗ ನಾಲ್ಕು ಜನ. ನಾನು, ನನ್ನ ತಮ್ಮ, ಅವನ ಹೆಂಡತಿಯಾದ ನನ್ನ ನಾದಿನಿ, ಅವರ ಮಗಳು. ನಾನು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಬಂದ ವರ್ಷವೇ ನಮ್ಮ ತಾಯಿ ತೀರಿಕೊಂಡರು. ತಮ್ಮನಿಗೆ ಆಗ ಒಂಬತ್ತು ವರ್ಷ. ಅಂದಿನಿಂದ ಅವನಿಗೆ ಅಕ್ಕನೂ ನಾನೇ, ತಾಯಿಯೂ ನಾನೇ. ನಾನು ಹೇಳಿದ ಮಾತನ್ನು ಅವನು ಒಂದು ದಿನವೂ ಮೀರಿದವನಲ್ಲ. ಈ ಕಥೆಯ ದುಃಖವೆಲ್ಲ ಅದೇ.

ಮಣ್ಣು ತುಳಿಯುವುದು ಅವನ ಕೆಲಸ, ತಿಗರಿಯಲ್ಲಿ ಮಡಕೆ ಎತ್ತುವುದು ನನ್ನದು. ನೆನೆದ ಮಣ್ಣನ್ನು ನೆಲದ ಮೇಲೆ ಹಾಸಿ, ಬರಿಗಾಲಿನಲ್ಲಿ ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ತುಳಿಯಬೇಕು. ತುಳಿಯುವವನ ಅಂಗಾಲಿಗೆ ಕಣ್ಣಿರಬೇಕು ಎಂದು ನಮ್ಮ ತಂದೆ ಹೇಳುತ್ತಿದ್ದರು. ಮಣ್ಣಿನಲ್ಲಿ ಎಷ್ಟು ಸಣ್ಣ ಕಲ್ಲಿದ್ದರೂ ಕಾಲಿಗೆ ತಿಳಿಯಬೇಕು. ತಿಳಿದ ಕೂಡಲೇ ಬೆರಳಿನಿಂದ ಹೆಕ್ಕಿ ಗೋಡೆಯ ಹತ್ತಿರವಿದ್ದ ಹಳೆಯ ಎಣ್ಣೆ ಡಬ್ಬಕ್ಕೆ ಎಸೆಯಬೇಕು. ತಮ್ಮನ ಗುರಿ ಎಂದೂ ತಪ್ಪಿದ್ದಿಲ್ಲ. ಗೋಡೆಯ ಈಚೆ ತಿಗರಿಯ ಮುಂದೆ ಕುಳಿತ ನನಗೆ ಆಚೆಯಿಂದ ಟಣ್, ಟಣ್ ಎಂದು ಸದ್ದು ಕೇಳುತ್ತಿತ್ತು. ನಲವತ್ತು ವರ್ಷ ನಾನು ಆ ಸದ್ದಿನ ಜೊತೆ ಕೆಲಸ ಮಾಡಿದೆ.

ಆ ವರ್ಷ ಆ ಸದ್ದು ಕಡಿಮೆಯಾಗುತ್ತ ಬಂತು. ಮೊದಲು ದಿನಕ್ಕೆ ಹತ್ತಾರು ಸಲ, ಆಮೇಲೆ ಒಂದೆರಡು ಸಲ, ಕೊನೆಗೆ ಪೂರ್ತಿ ನಿಂತಿತು.

"ಈ ಸಲ ಮಣ್ಣು ಬೆಣ್ಣೆ ಕಣಕ್ಕ," ಎಂದ ತಮ್ಮ. "ಒಂದು ಕಲ್ಲೂ ಸಿಗ್ತಿಲ್ಲ."

ನಾನು ಕೈಮುಗಿದು, "ದೇವರೇ, ಇಷ್ಟು ವರ್ಷಕ್ಕೆ ಒಳ್ಳೆಯ ಮಣ್ಣು ಕೊಟ್ಟೆ," ಎಂದೆ. ನಿಜವಾಗಿಯೂ ಹಾಗೆಂದೆ.

ಮಣ್ಣು ಬೆಣ್ಣೆಯಾಗಿದ್ದರೆ ಮಡಕೆಯೊಳಗೆ ಕಲ್ಲು ಎಲ್ಲಿಂದ ಬಂತು ಎಂದು ನಾವು ಒಬ್ಬರೂ ಕೇಳಲಿಲ್ಲ. ಸೌದೆ ಹಸಿಯಾಗಿದೆ ಎಂದೆವು, ಆವಿಗೆ ಹಳತಾಯಿತು ಎಂದೆವು. ಬಿಸಿಲನ್ನು ಬೈದೆವು, ಗಾಳಿಯನ್ನು ಬೈದೆವು. ಅವನ ಕಾಲಿನ ಮೇಲೆ ಸಂಶಯ ಪಡುವುದು ಮಾತ್ರ ಆ ಮನೆಯಲ್ಲಿ ಯಾರಿಗೂ ಹೊಳೆಯುವಂಥದಾಗಿರಲಿಲ್ಲ.

ಸಕ್ಕರೆ ಕಾಯಿಲೆ ನಮ್ಮಿಬ್ಬರಿಗೂ ಇತ್ತು. ನನಗೆ ಹನ್ನೊಂದು ವರ್ಷದಿಂದ, ಅವನಿಗೆ ಏಳು ವರ್ಷದಿಂದ. ಒಂದೇ ಆರೋಗ್ಯ ಕೇಂದ್ರ, ಒಂದೇ ಬಗೆಯ ಮಾತ್ರೆ, ಒಂದೇ ಒಲೆಯ ಊಟ. ಚೀಟಿಯಲ್ಲಿ ಬರೆದುಕೊಡುತ್ತಿದ್ದ ಅಂಕಿಯೂ ಹೆಚ್ಚುಕಡಿಮೆ ಒಂದೇ. ಒಮ್ಮೊಮ್ಮೆ ನನ್ನದೇ ಜಾಸ್ತಿ ಇರುತ್ತಿತ್ತು. ಆಗ ಅವನು, "ಅಕ್ಕ, ನೀನು ಬೈದರೂ ನನಗಿಂತ ಸಿಹಿ," ಎನ್ನುತ್ತಿದ್ದ.

ಅದರ ಹಿಂದಿನ ವರ್ಷ ಬಿಸಿ ಮಡಕೆಯ ಚೂರೊಂದು ಸಿಡಿದು ನನ್ನ ಪಾದದ ಮೇಲೆ ಬಿದ್ದಿತ್ತು. ಎರಡು ಬೆರಳಗಲ ಗಾಯ. ನಾನು ನುಣ್ಣನೆಯ ಮಣ್ಣನ್ನು ಕಲಸಿ ಹಚ್ಚಿ, ಬಟ್ಟೆ ಸುತ್ತಿಕೊಂಡೆ. ಹನ್ನೆರಡು ದಿನಕ್ಕೆ ಮಾಯಿತು. ಅದನ್ನು ಹೆಮ್ಮೆಯಿಂದ ಪಟ್ಟಿಯಮ್ಮನಿಗೆ ತೋರಿಸಿದೆ. ಪಟ್ಟಿಯಮ್ಮನೆಂದರೆ ಆರೋಗ್ಯ ಕೇಂದ್ರದಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ನರ್ಸು. ಆ ಹೆಸರು ನನ್ನ ತಮ್ಮ ಇಟ್ಟದ್ದು. ಅವನು ಎದುರಿಗೇ ಹಾಗೆ ಕರೆಯುತ್ತಿದ್ದ, ಆಕೆಯೂ ಓಗೊಡುತ್ತಿದ್ದಳು.

ಆಕೆ ನನ್ನ ಪಾದವನ್ನು ತಿರುಗಿಸಿ ನೋಡಿ, "ದೊಡ್ಡಮ್ಮ, ಇದು ನಿಮ್ಮ ಮೈಯ ಅದೃಷ್ಟ. ಮಣ್ಣಿನ ಗುಣ ಅಲ್ಲ. ನನಗೆ ಮಾಯ್ತು ಅಂತ ಇನ್ನೊಬ್ಬರಿಗೆ ಹೇಳಬೇಡಿ, ಆಯ್ತಾ?" ಎಂದಳು.

ಆಯ್ತು ಎಂದೆ. ಮನೆಗೆ ಬಂದವಳೇ ಎಲ್ಲರಿಗೂ ಹೇಳಿದೆ. ನಮ್ಮದು ಮಾಯುವ ಮೈ ಎಂದೆ. ಮಣ್ಣು ತುಳಿದವರ ಕಾಲನ್ನು ಮಣ್ಣೇ ಕಾಯುತ್ತದೆ ಎಂದೆ.

ಒಂದು ಬೆಳಿಗ್ಗೆ ನಾದಿನಿ ಹೊಸ್ತಿಲು ಒರೆಸುತ್ತಿದ್ದಾಗ ನೆಲದ ಮೇಲೆ ಸಾಲಾಗಿ ಕೆಂಪು ಕಲೆಗಳನ್ನು ಕಂಡಳು.

"ಯಾರ ಕಾಲಿನದು ಇದು? ಎಲ್ಲರೂ ಕಾಲು ಎತ್ತಿ ತೋರಿಸಿ."

ಮಗಳು ಎತ್ತಿದಳು, ನಾನು ಎತ್ತಿದೆ. ತಮ್ಮ ನಗುತ್ತ, "ನನಗೇನಾಗಿದೆ?" ಎಂದು ಎತ್ತಿದ. ಅವನ ಹಿಮ್ಮಡಿಯಲ್ಲಿ ಮಡಕೆಯ ಚೂರೊಂದು ಮೊಳೆಯಂತೆ ನೆಟ್ಟಿತ್ತು. ಯಾವಾಗ ಚುಚ್ಚಿತು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ನಾನು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚೂರನ್ನು ಎಳೆದು ತೆಗೆದೆ. ರಕ್ತ ಬಂತು, ಅವನು ಅಳುಕಲಿಲ್ಲ.

"ನೋವಾಯ್ತೇನೋ?"

"ಇಲ್ಲಕ್ಕ. ನಿನ್ನ ಕೈ ಹಗುರ."

ನನ್ನ ಕೈ ಹಗುರ ಎಂದು ನನಗೆ ಸಂತೋಷವಾಯಿತು. ಮಣ್ಣು ಕಲಸಿ ತಂದೆ.

ದೇವರು ಎಚ್ಚರಿಸದೆ ಕೈಬಿಡುವುದಿಲ್ಲ. ಅದೇ ದಿನ ಪಟ್ಟಿಯಮ್ಮ ತನ್ನ ಮನೆಯ ಗಿಡಕ್ಕೊಂದು ಕುಂಡ ಕೊಳ್ಳಲು ಬಂದಳು. ತಮ್ಮನ ಕಾಲಿನ ಬಟ್ಟೆ ಕಂಡು ಕುಂಡವನ್ನು ಅಲ್ಲೇ ಕೆಳಗಿಟ್ಟಳು.

"ಏನಾಯ್ತು?"

"ಏನಿಲ್ಲ ಪಟ್ಟಿಯಮ್ಮ. ನಿನ್ನ ಕೆಲಸ ನಮ್ಮಕ್ಕ ಕಿತ್ಕೊಂಡಿದಾಳೆ," ಎಂದ ತಮ್ಮ.

ಆಕೆ ನಗಲಿಲ್ಲ. "ಚೂರು ಚುಚ್ಚಿದ್ದು ಗೊತ್ತೇ ಆಗಲಿಲ್ವಾ? ನೋವಿಲ್ಲ ಅನ್ನೋದು ಒಳ್ಳೇ ಸುದ್ದಿ ಅಲ್ಲ ಅಣ್ಣ. ಈಗಲೇ ನನ್ನ ಜೊತೆ ಕೇಂದ್ರಕ್ಕೆ ಬನ್ನಿ. ತೊಳೆದು ಒಳಗೆ ಏನಿದೆ ನೋಡ್ತೀನಿ."

ನಾನು ಅಡ್ಡ ಬಂದೆ. "ನನಗೆ ಮಾಯಲಿಲ್ವೇನಮ್ಮ? ಇವನು ನನ್ನ ಒಡಹುಟ್ಟಿದವನು. ಒಂದೇ ಹೊಟ್ಟೆ."

"ಒಂದೇ ಹೊಟ್ಟೆ, ನಿಜ. ಆದರೆ ನಿಮ್ಮ ಕಿವಿ ಅವರಿಗಿಲ್ಲ, ಅವರ ಮೂಗು ನಿಮಗಿಲ್ಲ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತೆ. ಯಾವ ಅರ್ಧ ಯಾರಿಗೆ ಬಂತು ಅಂತ ಹೊರಗಿಂದ ಕಾಣಲ್ಲ. ಗಾಯ ಮಾಯೋ ಗುಣವೂ ಹಾಗೇ. ನಿಮ್ಮ ವಂಶದಲ್ಲಿ ಯಾರಿಗಾದರೂ ಗಾಯ ಮಾಯದೆ ಇದ್ದದ್ದು ಉಂಟಾ?"

ನಾನು, "ಇಲ್ಲ," ಎಂದೆ.

ಅದು ಸುಳ್ಳು. ನಮ್ಮ ತಾಯಿಯ ತಮ್ಮ, ನಮ್ಮ ಸೋದರಮಾವ, ಎರಡು ವರ್ಷ ಕಣಕಾಲಿನ ಹುಣ್ಣು ಹೊತ್ತು ಬದುಕಿ, ಅದರಲ್ಲೇ ಸತ್ತಿದ್ದ. ಅದು ಯಾರೋ ನೊಂದವರ ಶಾಪ ಎಂದು ಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ಹೊರಗಿನವರ ಮುಂದೆ ಆ ಮಾತು ಎತ್ತಬಾರದು ಎಂದು ನಮ್ಮ ತಾಯಿ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಮನೆತನದ ಮಾನ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡೆ. ಆ ಮಾವನ ಮೂಗೇ ನನ್ನ ತಮ್ಮನ ಮೂಗು. ಅದು ನನಗೆ ಆ ಹೊತ್ತಿನಲ್ಲೂ ಕಾಣುತ್ತಿತ್ತು.

ಪಟ್ಟಿಯಮ್ಮ ತಮ್ಮನ ಮುಖ ನೋಡಿದಳು. ತಮ್ಮ ನನ್ನ ಮುಖ ನೋಡಿದ.

"ಎರಡು ದಿನ ನೋಡೋಣ ಬಿಡು," ಎಂದೆ ನಾನು.

"ಅಕ್ಕ ಹೇಳಿದ ಮೇಲೆ ಮುಗೀತು," ಎಂದ ಅವನು.

ಎರಡು ದಿನ ನಾಲ್ಕಾಯಿತು. ಮೇಲೆ ಒಣಗಿದಂತೆ ಕಂಡಿತು. ನಾನು ಗೆದ್ದೆ ಎಂದುಕೊಂಡೆ. ಅವನು ಬಟ್ಟೆ ಸುತ್ತಿದ ಕಾಲಿನಲ್ಲೇ ಮಣ್ಣು ತುಳಿದ. ಹತ್ತನೆಯ ದಿನ ಹಿಮ್ಮಡಿಯ ಸುತ್ತ ಚರ್ಮ ಮಿರುಗತೊಡಗಿತು. ಹದಿನೆಂಟನೆಯ ದಿನ ಕೆಂಪು ಕಣಕಾಲು ದಾಟಿತು, ಮೈ ಸುಡತೊಡಗಿತು, ಬಟ್ಟೆ ಬಿಚ್ಚಿದಾಗ ಬಂದ ವಾಸನೆಗೆ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ಅಲ್ಲಿ ನಿಂತು ಅತ್ತಳು. ತೋಟದವನ ಗಾಡಿಯಲ್ಲೇ ಅವನನ್ನು ಕೇಂದ್ರಕ್ಕೆ ಕರೆದೊಯ್ದೆವು.

ಪಟ್ಟಿಯಮ್ಮ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಲು ವಾಹನಕ್ಕೆ ಹೇಳಿ, ಅದು ಬರುವವರೆಗೆ ಗಾಯ ತೊಳೆದಳು. ಆಮೇಲೆ ಅವನ ಇನ್ನೊಂದು ಕಾಲನ್ನು, ಗಾಯವಿಲ್ಲದ ಕಾಲನ್ನು, ಹತ್ತಿರಕ್ಕೆ ಎಳೆದುಕೊಂಡಳು.

"ಅಣ್ಣ, ಕಣ್ಣು ಮುಚ್ಚಿ. ನಾನು ಬೆರಳು ಮುಟ್ಟಿದಾಗ ಹೇಳಿ."

ತಮ್ಮ ಕಣ್ಣು ಮುಚ್ಚಿದ. ಆಕೆ ತನ್ನ ತೋರುಬೆರಳಿನ ತುದಿಯಿಂದ ಅವನ ಹೆಬ್ಬೆರಳನ್ನು ಹಗುರವಾಗಿ ಮುಟ್ಟಿದಳು. ಅವನು ಸುಮ್ಮನಿದ್ದ. ನಡುಬೆರಳನ್ನು ಮುಟ್ಟಿದಳು. ಸುಮ್ಮನಿದ್ದ. ಕಿರುಬೆರಳನ್ನು ಮುಟ್ಟಿದಳು. ನಾದಿನಿಯೂ ನಾನೂ ನೋಡುತ್ತ ನಿಂತಿದ್ದೆವು.

ಸ್ವಲ್ಪ ಹೊತ್ತಿನ ಮೇಲೆ ಅವನು ಕೇಳಿದ, "ಇನ್ನೂ ಮುಟ್ಟಿಲ್ವಾ?"

ನಾದಿನಿ ಬಗ್ಗಿ ಆ ಕಾಲನ್ನು ಎರಡು ಕೈಯಿಂದಲೂ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಮೊದಲು ಕೊಳೆತ ಭಾಗವನ್ನು ಕೊಯ್ದು ತೆಗೆದರು. ಮೂರನೆಯ ದಿನ ಪಟ್ಟಿಯಮ್ಮ ತನ್ನ ಕೆಲಸ ಮುಗಿಸಿಕೊಂಡು ನೋಡಲು ಬಂದಳು. ನಾನು ಆಕೆಯ ಮೇಲೆ ಹರಿಹಾಯ್ದೆ. ಕೈಲಾಗದವಳು ಮೈ ಪರಚಿಕೊಂಡಳು ಎಂಬಂತೆ.

"ನನಗೆ ಹನ್ನೆರಡು ದಿನಕ್ಕೆ ಮಾಯ್ತು. ಅದೇ ಸಕ್ಕರೆ, ಅದೇ ಮಣ್ಣು. ಇವನಿಗೆ ಯಾಕಿಲ್ಲ? ಹೇಳು!"

ಆಕೆ ಹಾಸಿಗೆಯ ಅಂಚಿನಲ್ಲಿ ಕುಳಿತಳು. "ಗಾಯ ಆದ ಕೂಡಲೇ ಮೈ ಅಲ್ಲಿಗೆ ಕೆಲಸದವರನ್ನ ಕಳಿಸುತ್ತೆ ದೊಡ್ಡಮ್ಮ. ಕೆಂಪಾಗೋದು, ಊದೋದು, ಬಿಸಿ ಆಗೋದು ಎಲ್ಲ ಅವರ ಕೆಲಸ. ಅದಕ್ಕೆ ಉರಿಯೂತ ಅಂತಾರೆ. ಅದು ಬೇಕು. ಕೊಳೆ ತೆಗೆದು, ಹುಳು ಕೊಂದು, ಅವರು ಹಿಂದೆ ಸರೀಬೇಕು. ಆಮೇಲೆ ಹೊಸ ಚರ್ಮ ಕಟ್ಟೋರು ಬರಬೇಕು. ಸಕ್ಕರೆ ಇರೋ ಮೈಯಲ್ಲಿ ಮೊದಲು ಬಂದವರು ಬೇಗ ಎದ್ದು ಹೋಗಲ್ಲ."

"ಬಂದ ನೆಂಟರು ಹೊರಡ್ತಿಲ್ಲ ಅನ್ನು," ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ.

"ಹಾಗೇ ಅಣ್ಣ. ಎಷ್ಟು ದಿನ ಕೂತಿರ್ತಾರೆ ಅನ್ನೋದು ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಥರ. ಅದರಲ್ಲಿ ಒಂದು ಪಾಲು ಹುಟ್ಟಿನಿಂದ ಬಂದದ್ದು. ಇಲಿಗಳಲ್ಲಿ ನೋಡಿದಾರೆ. ಎಲ್ಲಕ್ಕೂ ಸಕ್ಕರೆ ಕಾಯಿಲೆ, ಎಲ್ಲಕ್ಕೂ ಒಂದೇ ಅಳತೆ ಗಾಯ, ವಂಶ ಮಾತ್ರ ಬೇರೆ ಬೇರೆ. ಒಂದು ವಂಶದ್ದು ಬೇಗ ಮಾಯ್ತು, ಇನ್ನೊಂದು ವಂಶದಲ್ಲಿ ಉರಿಯೂತ ಇಳೀಲೇ ಇಲ್ಲ. ಮನುಷ್ಯರ ವಿಷಯ ಇನ್ನೂ ಕಲೀತಾ ಇದಾರೆ. ಯಾರದು ಯಾವ ಮೈ ಅಂತ ಮೊದಲೇ ಹೇಳೋ ಪರೀಕ್ಷೆ ನಮ್ಮ ಹತ್ರ ಇಲ್ಲ. ಬರೀ ವಂಶ ಒಂದೇ ಅಂತಲೂ ಅಲ್ಲ. ಅವರ ಕಾಲಿನ ನರ ಸೋತಿತ್ತು. ನಿಮ್ಮ ಗಾಯ ಪಾದದ ಮೇಲೆ, ಅವರದು ಇಡೀ ದಿನ ಭಾರ ಬೀಳೋ ಹಿಮ್ಮಡಿ. ಮೇಲಿಂದ ತಡ. ಎಲ್ಲ ಕೂಡಿತು."

ತಮ್ಮ ಕಣ್ಣು ತೆರೆದು ನನ್ನನ್ನು ನೋಡಿದ. "ಅಕ್ಕ, ನಮ್ಮ ಎರಡು ಆವಿಗೆ ಇದೆಯಲ್ಲ. ಅಪ್ಪ ಒಂದೇ ವಾರದಲ್ಲಿ ಒಂದೇ ಮಣ್ಣಲ್ಲಿ ಕಟ್ಟಿದ್ದು. ಬಾವಿ ಕಡೇದು ಮಾರನೇ ದಿನಕ್ಕೇ ಆರುತ್ತೆ. ಹಿಂದಿನದು ಮೂರು ದಿನ ಆದರೂ ಕೈ ಇಡೋಕಾಗಲ್ಲ. ನೀನು ಬಾವಿ ಕಡೇದು, ನಾನು ಹಿಂದಿನದು. ಅಷ್ಟೇ ಅಲ್ವಾ ಪಟ್ಟಿಯಮ್ಮ?"

"ಅಷ್ಟೇ ಅಣ್ಣ. ಇಷ್ಟು ಚೆನ್ನಾಗಿ ನನಗೆ ಹೇಳೋಕೆ ಬರ್ತಿರಲಿಲ್ಲ."

"ಹಂಗಾದರೆ ಅಕ್ಕನ ತಪ್ಪಿಲ್ಲ," ಎಂದ ಅವನು.

ಅವನು ನನಗಾಗಿ ಹೇಳಿದ ಕೊನೆಯ ಮಾತು ಅದೇ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ದೇವರು ಅವನನ್ನು ಕರೆದುಕೊಂಡ. ತಾನೊಂದು ನೆನೆದರೆ ದೈವವೊಂದು ನೆನೆಯಿತು ಎನ್ನುತ್ತಾರೆ. ನಾನು ಹಾಗೆನ್ನಲಾರೆ. ದೈವ ಪಟ್ಟಿಯಮ್ಮನನ್ನು ನಮ್ಮ ಅಂಗಳಕ್ಕೆ ಕಳಿಸಿತ್ತು. ಬಾಗಿಲಿಗೆ ಅಡ್ಡ ನಿಂತವಳು ನಾನು.

ಎರಡು ತಿಂಗಳು ತಿಗರಿ ತಿರುಗಲಿಲ್ಲ. ಆಮೇಲೆ ಮಗಳು ಒಂದು ದಿನ ಯಾರನ್ನೂ ಕೇಳದೆ, ತಂದೆ ನೆನೆಹಾಕಿ ಬಿಟ್ಟಿದ್ದ ಮಣ್ಣನ್ನು ಹಾಸಿ ತುಳಿಯಲು ನಿಂತಳು. ನಾನು ಗೋಡೆಯ ಈಚೆ ಸುಮ್ಮನೆ ಕುಳಿತಿದ್ದೆ.

ಟಣ್.

ಇನ್ನೊಮ್ಮೆ ಟಣ್. ಮತ್ತೆ ಟಣ್, ಟಣ್. ಒಂದು ಸುತ್ತು ಮುಗಿಯುವಷ್ಟರಲ್ಲಿ ಡಬ್ಬ ಹದಿನಾಲ್ಕು ಸಲ ಸದ್ದು ಮಾಡಿತು. ನಾನು ಎದ್ದು ಆಚೆ ಹೋದೆ.

"ಇದು ಹೊಸ ಮಣ್ಣಾ ಮಗಳೇ?"

"ಇಲ್ಲ ಅತ್ತೆ. ಅಪ್ಪ ತುಳೀತಿದ್ದ ಮಣ್ಣೇ. ಇಷ್ಟು ಕಲ್ಲಿದೆ, ಅಪ್ಪ ಬೆಣ್ಣೆ ಅಂತಿದ್ರಲ್ಲ?"

ನಾನು ಆ ಒದ್ದೆ ಮಣ್ಣಿನ ಮೇಲೆಯೇ ಕುಳಿತುಬಿಟ್ಟೆ. ಮಣ್ಣು ಎಂದೂ ಬೆಣ್ಣೆಯಾಗಿರಲಿಲ್ಲ. ಅವನ ಅಂಗಾಲಿನ ಕಣ್ಣು ಹೋಗಿತ್ತು. ಅವನ ಗಾಯಕ್ಕೆ ಎಷ್ಟೋ ತಿಂಗಳು ಮುಂಚೆಯೇ ಡಬ್ಬ ನನಗೆ ಹೇಳಿತ್ತು. ಒಡೆದ ಒಂದೊಂದು ಮಡಕೆಯೂ ಹೇಳಿತ್ತು. ಸೂಜಿಯಿಂದ ರಕ್ತ ತೆಗೆಯದೆ, ಯಂತ್ರವಿಲ್ಲದೆ, ಅವನ ಕಾಯಿಲೆ ನಮ್ಮ ಮನೆಯಲ್ಲಿ ದಿನವೂ ಸದ್ದಿಲ್ಲದೆ ಸಾರುತ್ತಿತ್ತು. ನಾನು ಅದಕ್ಕೆ ಕೈಮುಗಿದೆ.

ಆ ದಿನವೇ ಹೋಗಿ ಪಟ್ಟಿಯಮ್ಮನನ್ನು ಕರೆತಂದೆ. ಮಗಳ ರಕ್ತ ನೋಡು, ಕಾಲು ನೋಡು ಎಂದೆ. ನಾದಿನಿ ಮಗಳನ್ನು ಬೆನ್ನ ಹಿಂದೆ ಮರೆಮಾಡಿದಳು.

"ಬೇಡ ಅತ್ತಿಗೆ. ಒಂದು ಸಾವು ಸಾಕು. ನನ್ನ ಮಗಳಿಗೆ ಕಾಯಿಲೆ ಹೆಸರು ಇಡಬೇಡಿ. ಅವಳಿಗಿನ್ನೂ ಇಪ್ಪತ್ತಾರು."

"ನೋಡಿದ ಮಾತ್ರಕ್ಕೆ ಬರಲ್ಲಮ್ಮ," ಎಂದಳು ಪಟ್ಟಿಯಮ್ಮ.

"ರಕ್ತದಲ್ಲೇ ಬರೆದಿದ್ರೆ ನೋಡಿ ಏನು ಬಂತು? ನೀವೇ ಅಂದ್ರಲ್ಲ, ಹುಟ್ಟಿನಿಂದ ಬರೋದು ಅಂತ. ಹಣೆಬರಹ ಅಳಿಸ್ತೀರಾ?"

"ಹಣೆಬರಹ ಅಳಿಸೋ ವಿದ್ಯೆ ನನಗೆ ಗೊತ್ತಿಲ್ಲ. ಪಟ್ಟಿ ಕಟ್ಟೋದು ಗೊತ್ತು. ಬೇಗ ಬಂದರೆ ಚೆನ್ನಾಗಿ ಕಟ್ತೀನಿ. ಹುಟ್ಟಿನಿಂದ ಬಂದದ್ದು ಒಂದು ಪಾಲು, ನಮ್ಮ ಕೈಲಿರೋದು ಇನ್ನೊಂದು ಪಾಲು. ಹಿಂದಿನ ಆವಿಗೆ ಮೂರು ದಿನ ಆರಲ್ಲ ಅಂತ ಗೊತ್ತಿದ್ದರೆ ನೀವೇನು ಮಾಡ್ತೀರಿ? ಸೌದೆ ಕಡಿಮೆ ಹಾಕಲ್ವಾ? ಸಕ್ಕರೆ ಹತೋಟಿ ಅಂದರೆ ಅದೇ."

ನಾದಿನಿ ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಗ ನಾನು ನಮ್ಮ ಸೋದರಮಾವನ ಕಥೆ ಹೇಳಿದೆ. ನಲವತ್ತು ವರ್ಷ ನುಂಗಿಕೊಂಡಿದ್ದ ಕಥೆ. ಹುಣ್ಣು, ಎರಡು ವರ್ಷ, ಮುಚ್ಚಿದ ಕೋಣೆ, ಶಾಪವೆಂಬ ಪಿಸುಮಾತು, ನಾನು ತಾಯಿಗೆ ಕೊಟ್ಟ ಭಾಷೆ, ಪಟ್ಟಿಯಮ್ಮ ಕೇಳಿದಾಗ ಇಲ್ಲ ಎಂದದ್ದು ಎಲ್ಲವನ್ನೂ ಹೇಳಿದೆ.

ನಾದಿನಿ ನನ್ನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಮಣ್ಣು ಹಚ್ಚಿದ್ರಾ?"

ನಾನು ತಲೆ ತಗ್ಗಿಸಿದೆ. ಅವಳು ನನ್ನೊಡನೆ ಅನೇಕ ದಿನ ಮಾತಾಡಲಿಲ್ಲ. ಅದು ನ್ಯಾಯವೇ. ಆದರೆ ಆ ಹೊತ್ತಿನಲ್ಲಿ ಅವಳು ಬೆನ್ನ ಹಿಂದಿನ ಮಗಳನ್ನು ಕೈಹಿಡಿದು ಮುಂದಕ್ಕೆ ತಂದು ಪಟ್ಟಿಯಮ್ಮನ ಎದುರಿಗೆ ಕೂರಿಸಿದಳು.

ಮಗಳು ಕಣ್ಣು ಮುಚ್ಚಿದಳು. ಪಟ್ಟಿಯಮ್ಮ ಮುಟ್ಟಿದಳು.

"ಬಲಗಾಲು ಹೆಬ್ಬೆರಳು," ಎಂದಳು ಮಗಳು. "ಎಡಗಾಲು ಕಿರುಬೆರಳು. ಈಗ ಎಡದ್ದು ನಡುಬೆರಳು. ಅಯ್ಯೋ, ಕಚಗುಳಿ ಆಗುತ್ತೆ!"

ಅವಳ ನಗು ಕೇಳಿ ನಾದಿನಿ ಅತ್ತಳು. ಕಾಲು ಚೆನ್ನಾಗಿತ್ತು. ಆದರೆ ರಕ್ತದಲ್ಲಿ ಸಕ್ಕರೆ ಇತ್ತು. ಈಗಷ್ಟೇ ಶುರುವಾಗಿದೆ, ಒಳ್ಳೆಯ ಕಾಲಕ್ಕೆ ಸಿಕ್ಕಿತು ಎಂದರು ವೈದ್ಯರು.

ಅಂದಿನಿಂದ ಅವಳು ಬರಿಗಾಲಿನಲ್ಲಿ ಮಣ್ಣು ತುಳಿಯುವುದಿಲ್ಲ. ಮಣ್ಣನ್ನು ನೀರಿನಲ್ಲಿ ಕರಗಿಸಿ, ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಗಟ್ಟಿ ರಬ್ಬರಿನ ಬೂಟು ಹಾಕಿಕೊಂಡು ತುಳಿಯುತ್ತಾಳೆ. ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲುಮುಳ್ಳು ಇದೆಯೇ ಎಂದು ನೋಡುತ್ತಾಳೆ. ನಮ್ಮ ತಂದೆಯಿದ್ದಿದ್ದರೆ ಇದೇನು ಬೂಟಿನ ಕುಂಬಾರಿಕೆ ಎಂದು ಹಾಸ್ಯ ಮಾಡುತ್ತಿದ್ದರು. ಮಾಡಲಿ. ಮಡಕೆಗಳು ಈಗ ಒಡೆಯುವುದಿಲ್ಲ.

ಇಷ್ಟು ಜೋಪಾನ ಮಾಡಿದರೂ, ಕಳೆದ ವರ್ಷ ಆವಿಗೆಯಿಂದ ಮಡಕೆ ಇಳಿಸುವಾಗ ಒಂದು ಚೂರು ಅವಳ ಕಣಕಾಲನ್ನು ಕೊಯ್ಯಿತು. ಉಗುರಿನಷ್ಟು ಉದ್ದದ ಗಾಯ. ಅವಳು, "ಇಷ್ಟಕ್ಕೆಲ್ಲ ಯಾಕೆ ಅತ್ತೆ?" ಎಂದಳು. ನಾನು ಮಣ್ಣಿನ ಕೈಯಿಂದ ಮುಟ್ಟದೆ, ನಾದಿನಿಯಿಂದ ಅವಳ ಗಾಯವನ್ನು ಶುದ್ಧ ನೀರಿನಲ್ಲಿ ತೊಳೆಸಿ, ಒಗೆದ ಬಟ್ಟೆ ಮುಚ್ಚಿಸಿ, ಆಗಲೇ ಹೊರಡಿಸಿದೆ. ನಾದಿನಿ ನಮಗಿಂತ ಮುಂದೆ ಓಡುತ್ತಿದ್ದಳು.

ಆ ಉಗುರಿನಷ್ಟು ಗಾಯ ಮಾಯಲು ಏಳು ವಾರ ಬೇಕಾಯಿತು. ಸಕ್ಕರೆ ಹತೋಟಿಯಲ್ಲಿದ್ದು, ಹೇಳಿದ ದಿನವೆಲ್ಲ ಹೋಗಿ ಪಟ್ಟಿ ಕಟ್ಟಿಸಿಕೊಂಡು, ಕಾಲಿಗೆ ವಿಶ್ರಾಂತಿ ಕೊಟ್ಟು, ಔಷಧಿ ತಪ್ಪದೆ ತೆಗೆದುಕೊಂಡು ಏಳು ವಾರ. ನನ್ನ ಎರಡು ಬೆರಳಗಲದ ಗಾಯ ಮಣ್ಣು ಮೆತ್ತಿದ್ದರೂ ಹನ್ನೆರಡು ದಿನಕ್ಕೆ ಮಾಯಿತ್ತು. ಅವಳದೂ ಹಿಂದಿನ ಆವಿಗೆಯೇ. ತಂದೆಯ ಪಾಲು.

ಕೊನೆಯ ಪಟ್ಟಿ ಬಿಚ್ಚಿದ ದಿನ ಗುಲಾಬಿ ಬಣ್ಣದ ಹೊಸ ಚರ್ಮವನ್ನು ನಾದಿನಿ ಮುಟ್ಟಿ ಮುಟ್ಟಿ ನೋಡಿದಳು. ದಾರಿಯಲ್ಲಿ ಬರುತ್ತ ಮೆಲ್ಲಗೆ ಕೇಳಿದಳು, "ಅತ್ತಿಗೆ, ಇದಕ್ಕೂ ಮಣ್ಣು ಹಚ್ಚಿದ್ದಿದ್ರೆ?"

ಅವಳು ನನ್ನ ಕೈ ಹಿಡಿದುಕೊಂಡಳು. ತಮ್ಮ ಹೋದ ಮೇಲೆ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು.

ನನ್ನ ಪಾದದ ಮೇಲೆ ಹಳೆಯ ಗಾಯದ ಕಲೆ ಇನ್ನೂ ಇದೆ. ದೇವರ ಮುಂದೆ ಕುಳಿತಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ನನಗೆ ಕೊಟ್ಟದ್ದನ್ನು ಅವನಿಗೂ ಕೊಟ್ಟಿದ್ದೀಯೆ ಎಂದು ತಿಳಿದೆನಲ್ಲ ತಂದೆ ಎಂದು ಹೇಳಿಕೊಳ್ಳುತ್ತೇನೆ. ಆದುದರಿಂದ ಈ ಕಥೆಯನ್ನು ನಿಮಗೆ ಹೇಳುತ್ತಿದ್ದೇನೆ.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ, ಒಬ್ಬರ ಗಾಯ ಮಾಯಿತು ಎಂದು ಇನ್ನೊಬ್ಬರ ಗಾಯವನ್ನು ಅಳೆಯಬೇಡಿ. ಒಡಹುಟ್ಟಿದವರದೂ ಒಂದೇ ಮೈಯಲ್ಲ. ಯಾರದು ಯಾವ ಮೈ ಎಂದು ತಿಳಿಯದಿರುವಾಗ ಪ್ರತಿಯೊಂದು ಗಾಯವನ್ನೂ ಮಾಯದ ಗಾಯವೆಂದೇ ತಿಳಿದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಣ್ಣು, ಬೂದಿ, ಸೊಪ್ಪು ಯಾವುದನ್ನೂ ಹಚ್ಚಬೇಡಿ. ಬರಿಗಾಲಿನಲ್ಲಿ ನಡೆಯಬೇಡಿ. ನಿಮ್ಮ ವಂಶದಲ್ಲಿ ಯಾರಿಗಾದರೂ ಹುಣ್ಣು ಮಾಯದೆ ಉಳಿದಿದ್ದರೆ ಅದು ಶಾಪವಲ್ಲ, ಅವಮಾನವೂ ಅಲ್ಲ. ಕೇಳಿದವರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳದೆ ಉಳಿದೆ.

ದಿನಕ್ಕೊಮ್ಮೆ ಅಂಗಾಲು ನೋಡಿ. ಕಾಣದಿದ್ದರೆ ಮನೆಯವರಿಂದ ನೋಡಿಸಿಕೊಳ್ಳಿ. ಈ ಹಾಳೆಯನ್ನು ಕೆಳಗಿಟ್ಟ ಕೂಡಲೇ ಮನೆಯ ಸಕ್ಕರೆಯವರನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಎರಡು ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳನ್ನು ಒಂದೊಂದಾಗಿ ನಿಮ್ಮ ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ. ಒತ್ತಬೇಡಿ, ಉಜ್ಜಬೇಡಿ. ಮುಟ್ಟಿದಾಗ ಹೇಳಲು ತಿಳಿಸಿ.

ಅವರು ಕಣ್ಣು ಮುಚ್ಚಿಕೊಂಡೇ, "ಇನ್ನೂ ಮುಟ್ಟಿಲ್ವಾ?" ಎಂದು ಕೇಳಿದರೆ, ಎರಡು ದಿನ ನೋಡೋಣ ಎನ್ನಬೇಡಿ. ಎಬ್ಬಿಸಿ, ಕಾಲಿಗೆ ಚಪ್ಪಲಿ ಹಾಕಿಸಿ, ಕೈಹಿಡಿದು ಕರೆದುಕೊಂಡು ಹೋಗಿ.